ರಿಂಗ್ ಲೈಟ್ ಇರಲಿ, ಬೆಳಕು ಎಲ್ಲಿ ಬೀಳುತ್ತಿದೆ?

ಬೆಳಗಾವಿಯಲ್ಲಿ ನಿಜವಾದ ಸ್ಪೋರ್ಟ್ಸ್ ಕಾರುಗಳು ಬೆರಳೆಣಿಕೆಯಷ್ಟು. ಚೋರ್ಲಾ ಘಾಟಿನ ದಾರಿಯಲ್ಲಿ ಗೋವಾಕ್ಕೆ ಹೋಗುವ ಗಾಡಿಗಳ ಸಾಲಿನಲ್ಲಿ ವಾರಾಂತ್ಯಕ್ಕೆ ಒಂದೆರಡು ಕಾಣಿಸಿಕೊಂಡು ಮರೆಯಾಗುತ್ತವೆ, ಅಷ್ಟೆ. ಆದರೆ ಆ ಕಾರುಗಳ ಕಣ್ಣು ಮಾತ್ರ ಇಲ್ಲಿ ಎಲ್ಲೆಡೆ ಬಂದು ಕೂತಿದೆ. ಹತ್ತು ವರ್ಷ ಓಡಿದ ಸ್ವಿಫ್ಟ್, ಸೆಕೆಂಡ್ ಹ್ಯಾಂಡ್ ಪೋಲೊ, ಥಾರ್, ಬುಲೆಟ್, ಕೊನೆಗೆ ಕಬ್ಬು ಹೇರುವ ಟ್ರ್ಯಾಕ್ಟರಿನ ಹೆಡ್‌ಲೈಟಿನ ಸುತ್ತಲೂ ಬೆಳ್ಳಗೆ ಹೊಳೆಯುವ ಒಂದು ಉಂಗುರ. ಅಂಗಡಿಯವರು ಅದನ್ನು ರಿಂಗ್ ಲೈಟ್ ಎಂದು ಮಾರುತ್ತಾರೆ, ಹುಡುಗರು ಏಂಜಲ್ ಐ ಎಂದು ಕೇಳಿ ಕೊಳ್ಳುತ್ತಾರೆ.

ಇದರ ಬಗ್ಗೆ ಊರಿನಲ್ಲಿ ಎರಡು ಮಾತಿದೆ. ರಾತ್ರಿ ಬೈಕ್ ಓಡಿಸುವವರನ್ನು ಕೇಳಿದರೆ, ‘ಫುಲ್ ಫೋಕಸ್ ಹೊಡ್ಕೊಂಡ ಬಂದ್ರಿ, ಮುಂದ ಏನೂ ಕಾಣ್ಲಿಲ್ಲ’ ಎಂದು ಎಲ್ಲ ಮೊಡಿಫೈ ಗಾಡಿಗಳ ಮೇಲೂ ಒಟ್ಟಿಗೆ ಸಿಟ್ಟು ತೀರಿಸಿಕೊಳ್ಳುತ್ತಾರೆ. ರಿಂಗ್ ಹಾಕಿಸಿಕೊಂಡವರು, ‘ಅದು ಬರೇ ಶೋಕ್ಕ ರೀ, ಯಾರ ಕಣ್ಣಿಗೂ ಹೊಡಿಯೂದಿಲ್ಲ’ ಎನ್ನುತ್ತಾರೆ. ಎರಡರಲ್ಲೂ ಅರ್ಧರ್ಧ ಸತ್ಯವಿದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಉಂಗುರದಿಂದ ಆಗುವ ತೊಂದರೆ ಸಣ್ಣದು. ಉಂಗುರದ ಜೊತೆಗೆ ‘ಸೆಟ್’ ಎಂದು ಮಾರಾಟವಾಗುವ ಬಲ್ಬಿನಿಂದ ಆಗುವುದು ದೊಡ್ಡದು. ಆ ಬಲ್ಬಿನ ಬೆಳಕು ಎಲ್ಲಿ ಬೀಳುತ್ತಿದೆ ಎಂದು ಗಾಡಿಯ ಇಡೀ ಆಯುಷ್ಯದಲ್ಲಿ ಯಾರೂ ಒಮ್ಮೆಯೂ ನೋಡದಿರುವುದು ಎಲ್ಲಕ್ಕಿಂತ ದೊಡ್ಡದು.

ಉಂಗುರ ಹುಟ್ಟಿದ್ದು ಜರ್ಮನಿಯಲ್ಲಿ. 2000ದಲ್ಲಿ ಬಿಎಂಡಬ್ಲ್ಯು ಕಂಪನಿ ತನ್ನ 5 ಸೀರೀಸ್‌ನ ಇ39 ಮಾದರಿಯ ಮುಖ ತಿದ್ದಿದಾಗ, ಹೆಲ್ಲಾ ಕಂಪನಿ ಮಾಡಿಕೊಟ್ಟ ಹೆಡ್‌ಲೈಟುಗಳಲ್ಲಿ ಉಂಗುರಗಳು ಬಂದವು. ತಂತ್ರ ಸರಳ. ಪಾರದರ್ಶಕ ಅಕ್ರಿಲಿಕ್ಕಿನ ಉಂಗುರದ ಬುಡಕ್ಕೆ ಸಣ್ಣ ಬಲ್ಬು ಇಟ್ಟರೆ ಬೆಳಕು ಅದರೊಳಗೇ ಸುತ್ತಿ, ಹಿಂಬದಿಯಲ್ಲಿ ಕೊರೆದ ಗೀರುಗಳಿಗೆ ತಾಗಿ ಹೊರಗೆ ಚೆಲ್ಲುತ್ತದೆ. ಅದು ಮಾಡುತ್ತಿದ್ದದ್ದು ಪಾರ್ಕಿಂಗ್ ಲೈಟಿನ ಕೆಲಸ. ಮುಂದಿನ ಗಾಡಿಯವನಿಗೆ ಕನ್ನಡಿಯಲ್ಲಿ ನೋಡಿದ ಕೂಡಲೇ ಬರುತ್ತಿರುವುದು ಯಾವ ಕಾರು ಎಂದು ತಿಳಿಯುತ್ತಿತ್ತು. ರಸ್ತೆ ತೋರಿಸುವ ಹೊಣೆ ಅದಕ್ಕೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. 2011ರ ಫೆಬ್ರುವರಿಯಿಂದ ಯುರೋಪಿನಲ್ಲಿ ಹೊಸ ಮಾದರಿಯ ಕಾರುಗಳಿಗೆ ಹಗಲು ದೀಪ, ಅಂದರೆ ಡಿಆರ್‌ಎಲ್ ಕಡ್ಡಾಯವಾದಾಗ ಇಂಥ ಅಲಂಕಾರಗಳಿಗೆ ಒಂದು ಕಾಯಂ ಕೆಲಸ ಸಿಕ್ಕಿತು. ನಮ್ಮಲ್ಲಿ ಹಗಲೂ ಹೆಡ್‌ಲೈಟ್ ಉರಿಯಬೇಕೆಂಬ ನಿಯಮ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಬಂದಿದೆ.

ಥಾರ್ ಮತ್ತು ಬುಲೆಟ್ಟಿಗೆ ಈ ಹುಚ್ಚು ಬೇಗ ಹತ್ತಿದ್ದಕ್ಕೆ ಕಾರಣ ಅಳತೆ. 1940ರಲ್ಲಿ ಅಮೆರಿಕದ ಕಾರುಗಳಿಗೆಲ್ಲ ಏಳು ಇಂಚಿನ ದುಂಡು ಸೀಲ್ಡ್ ಬೀಮ್ ಒಂದೇ ಅಳತೆಯಾಯಿತು. ಜೀಪಿನ ವಂಶದ ಜೊತೆಗೆ ಆ ಅಳತೆ ಜಗತ್ತನ್ನೆಲ್ಲ ಸುತ್ತಿತು. ಹಾಗಾಗಿ ಎಲ್ಲೋ ತಯಾರಾದ ಏಳು ಇಂಚಿನ ಎಲ್‌ಇಡಿ ದೀಪ ಖಾನಾಪುರದ ಜೀಪಿಗೂ ಸಲೀಸಾಗಿ ಕೂರುತ್ತದೆ. ಹಳೆಯದನ್ನು ಬಿಚ್ಚಿ, ಅದೇ ಪಿನ್ನಿಗೆ ಹೊಸದನ್ನು ಚುಚ್ಚಿದರೆ ಕೆಲಸ ಮುಗಿಯಿತು. ಅನುಕೂಲವಿರುವುದು ಇಲ್ಲೇ, ಅಪಾಯವಿರುವುದೂ ಇಲ್ಲೇ. ಅದನ್ನು ಮುಂದೆ ಹೇಳುತ್ತೇನೆ.

ಸ್ವಿಫ್ಟ್, ಪೋಲೊಗಳಂಥ ಕಾರುಗಳದ್ದು ಬೇರೆ ಕಥೆ. ಅವುಗಳ ಹೆಡ್‌ಲೈಟನ್ನು ಒಡೆಯದಂತೆ ತೆರೆಯಬೇಕು. ಕೆಲಸ ನಡೆಯುವುದನ್ನು ಪಕ್ಕದಲ್ಲಿ ನಿಂತು ನೋಡಿ. ಬಂಪರ್ ಸಡಿಲಿಸಿ ಲೈಟನ್ನು ಹೊರಗೆ ತೆಗೆಯುತ್ತಾರೆ. ಅಂಚಿನ ಸುತ್ತ ಹೀಟ್ ಗನ್ ಆಡಿಸುತ್ತಾರೆ. ಒಳಗಿನ ಕರಿ ಅಂಟು ಮೆತ್ತಗಾದಾಗ ಸ್ಕ್ರೂಡ್ರೈವರ್ ತೂರಿಸಿ ಪಾಲಿಕಾರ್ಬೊನೇಟ್ ಗಾಜನ್ನು ಇಂಚಿಂಚಾಗಿ ಎತ್ತುತ್ತಾರೆ, ಅಂಟು ಎಳೆ ಎಳೆಯಾಗಿ ಬರುತ್ತದೆ. ಬೆರಳ ಗುರುತು ರಿಫ್ಲೆಕ್ಟರಿನ ಮೇಲೆ ಬಿದ್ದರೆ ಅದನ್ನು ಒರೆಸಿ ತೆಗೆಯುವಂತಿಲ್ಲ, ಬಟ್ಟೆಯ ಜೊತೆ ಬೆಳ್ಳಿ ಬಣ್ಣದ ಲೇಪವೂ ಬರುತ್ತದೆ. ಉಂಗುರವನ್ನು ಒಳಚೌಕಟ್ಟಿಗೆ ಅಂಟಿಸಿ, ಹಿಂದಿನ ಮುಚ್ಚಳಕ್ಕೆ ತೂತು ಕೊರೆದು ವೈರು ಹೊರಗೆಳೆದು, ಮತ್ತೆ ಬಿಸಿ ಮಾಡಿ ಗಾಜು ಒತ್ತಿ ಕೂರಿಸುತ್ತಾರೆ. ಒಳ್ಳೆಯ ಕೈಯಾದರೆ ಹಳೆಯ ಅಂಟನ್ನು ಪೂರ್ತಿ ಕೆರೆದು ಹೊಸ ಬ್ಯೂಟೈಲ್ ಪಟ್ಟಿ ಹಾಕುತ್ತದೆ, ವೈರಿನ ತೂತಿಗೆ ರಬ್ಬರ್ ಬುಷ್ ಕೂರಿಸುತ್ತದೆ, ಗಾಳಿಯಾಡುವ ಮೂಲ ಕಿಂಡಿಯನ್ನು ಮುಚ್ಚದೆ ಬಿಡುತ್ತದೆ. ಅವಸರದ ಕೈಯಾದರೆ ಧೂಳು ಕೂತ ಅಂಚಿಗೇ ಸಿಲಿಕೋನ್ ಬಳಿದು ಮುಗಿಸುತ್ತದೆ.

ಡಿಸೆಂಬರಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಜುಲೈಯಲ್ಲಿ. ಜಾಂಬೋಟಿ, ಕಣಕುಂಬಿಯ ಕಡೆ ಮಳೆ ಒಮ್ಮೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಮಲಪ್ರಭೆ ಹುಟ್ಟುವ ನೆಲ ಅದು. ಸೀಲ್ ಕೆಟ್ಟ ದೀಪದ ಒಳಮೈಗೆ ಹನಿ ಕಟ್ಟುತ್ತದೆ, ಬೆಳಕು ಹನಿಯಿಂದ ಹನಿಗೆ ಚದುರಿ ರಸ್ತೆಯ ಮೇಲೆ ಬರೀ ಮಬ್ಬು ಬೀಳುತ್ತದೆ. ಕೆಲ ತಿಂಗಳಲ್ಲಿ ರಿಫ್ಲೆಕ್ಟರೇ ಮಂಕಾಗುತ್ತದೆ. ಹಳೆಯ ಸಿಸಿಎಫ್‌ಎಲ್ ಉಂಗುರಗಳಿಗೆ, ಅಂದರೆ ತೆಳು ಟ್ಯೂಬ್‌ಲೈಟಿನಂಥವಕ್ಕೆ, ಹೆಚ್ಚು ವೋಲ್ಟೇಜ್ ಕೊಡುವ ಇನ್ವರ್ಟರ್ ಬೇಕು. ನೀರು ತಾಗಿದರೆ ಮೊದಲು ಸಾಯುವುದು ಅದು. ಈಗ ಬರುವ ಎಲ್‌ಇಡಿ ಉಂಗುರಗಳು ಗಟ್ಟಿ, ವಿದ್ಯುತ್ ಬಳಕೆಯೂ ಕಡಿಮೆ. ಆದರೆ ದೀಪವನ್ನು ತೆರೆದ ಗಾಯ ಎರಡಕ್ಕೂ ಒಂದೇ. ಖಾನಾಪುರ ತಾಲೂಕಿನ ಪಶ್ಚಿಮ ಭಾಗದಲ್ಲಿ ಗಾಡಿ ಇಟ್ಟುಕೊಂಡವರು ಮೂಲ ಹೆಡ್‌ಲೈಟನ್ನು ಬಿಸಿ ಮಾಡಿ ತೆರೆಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹೆಡ್‌ಲೈಟ್ ಎಂದರೆ ಬಲ್ಬು, ಅದರ ಹಿಂದಿನ ಬಟ್ಟಲು, ಮುಂದಿನ ಗಾಜು ಮೂರೂ ಸೇರಿ ಲೆಕ್ಕ ಹಾಕಿ ಮಾಡಿದ ಒಂದು ಉಪಕರಣ. ನಮ್ಮ ಹಳೆಯ ಕಾರುಗಳ ಎಚ್‌4 ಬಲ್ಬಿನಲ್ಲಿ ಎರಡು ತಂತಿಗಳಿರುತ್ತವೆ, ಫುಲ್ಲಿಗೆ 60 ವ್ಯಾಟ್, ಡಿಮ್ಮಿಗೆ 55. ಡಿಮ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ತೊಟ್ಟಿಲಿದೆ. ಬೆಳಕು ಬಟ್ಟಲಿನ ಕೆಳ ಅರ್ಧಕ್ಕೆ ಬೀಳದಂತೆ ಅದು ತಡೆಯುತ್ತದೆ. ಹಾಗೆ ಬಿದ್ದರೆ ಬೆಳಕು ಪ್ರತಿಫಲಿಸಿ ಮೇಲಕ್ಕೆ, ಎದುರಿನವರ ಕಣ್ಣಿಗೆ ಹೋಗುತ್ತದೆ. ಡಿಮ್ ಬೆಳಕಿಗೆ ಮೇಲಂಚು ಗೆರೆ ಎಳೆದಂತೆ ಬರುವುದು ಈ ಏರ್ಪಾಟಿನಿಂದ. ಅದೇ ಜಾಗಕ್ಕೆ ಎಲ್‌ಇಡಿ ಬಲ್ಬು ತುರುಕಿದರೆ ಬೆಳಕು ಹುಟ್ಟುವ ಬಿಂದು ಬದಲಾಗುತ್ತದೆ. ತಂತಿ ಸುತ್ತಲೂ ಬೆಳಗುತ್ತದೆ, ಎಲ್‌ಇಡಿಯ ಚಿಪ್‌ಗಳು ಎರಡೇ ಕಡೆಗೆ ಬೆಳಗುತ್ತವೆ. ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಗೆರೆ ಅಳಿಸಿಹೋಗುತ್ತದೆ. ಮನೆಯ ಗೇಟಿನ ಮುಂದೆ ನಿಂತು ನೋಡಿದರೆ ‘ಎಷ್ಟ್ ಬೆಳಕ್ ಐತಿ’ ಎನಿಸುತ್ತದೆ, ಆದರೆ ಆ ಬೆಳಕಿನಲ್ಲಿ ದೊಡ್ಡ ಪಾಲು ಮರಗಳ ತುದಿಗೆ ಮತ್ತು ಎದುರಿನ ಚಾಲಕನ ಮುಖಕ್ಕೆ ಹೋಗಿರುತ್ತದೆ. ಹತ್ತಿರದ ನೆಲ ಅತಿಯಾಗಿ ಬೆಳಗಿದಾಗ ಓಡಿಸುವವನ ಕಣ್ಣಿನ ಪಾಪೆ ಕಿರಿದಾಗಿ ಅವನಿಗೇ ದೂರದ್ದು ಕಾಣುವುದು ಕಡಿಮೆಯಾಗುತ್ತದೆ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಇನ್ನೊಂದು ಅಂಶವನ್ನು ಕೊಳ್ಳುವವರು ಗಮನಿಸುವುದೇ ಇಲ್ಲ. ಡಿಮ್ ಬೆಳಕಿನ ಮೇಲಂಚು ಪೂರ್ತಿ ಸಮವಾಗಿರುವುದಿಲ್ಲ, ರಸ್ತೆಯ ಅಂಚಿನ ಕಡೆ ಸ್ವಲ್ಪ ಮೇಲಕ್ಕೆದ್ದಿರುತ್ತದೆ. ಪಕ್ಕದಲ್ಲಿ ನಡೆಯುವವರು, ಬೋರ್ಡುಗಳು ಕಾಣಲಿ ಎಂದು. ಎಡಬದಿಯಲ್ಲಿ ಓಡುವ ನಮ್ಮ ದೇಶದಲ್ಲಿ ಅದು ಎಡಕ್ಕೆ ಏಳಬೇಕು. ಅಮೆರಿಕ, ಚೀನಾಗಳಲ್ಲಿ ಗಾಡಿ ಬಲಬದಿಗೆ ಓಡುತ್ತದೆ. ಅಲ್ಲಿನ ಸ್ಪೋರ್ಟ್ಸ್ ಕಾರುಗಳಿಗೆಂದೋ ಜೀಪುಗಳಿಗೆಂದೋ ಮಾಡಿದ ಹ್ಯಾಲೊ, ಅಂದರೆ ಉಂಗುರದ ದೀಪದಲ್ಲಿ ಆ ಏರು ಬಲಕ್ಕಿರುತ್ತದೆ. ಅದನ್ನು ತಂದು ಇಲ್ಲಿ ಹಾಕಿದರೆ, ಡಿಮ್ಮಿನಲ್ಲಿದ್ದರೂ ಬೆಳಕು ನೇರವಾಗಿ ಎದುರಿನಿಂದ ಬರುವವರ ಕಣ್ಣಿಗೆ ಏರುತ್ತದೆ. ಎಷ್ಟು ಅಡ್ಜಸ್ಟ್ ಮಾಡಿದರೂ ಇದು ಸರಿಹೋಗುವುದಿಲ್ಲ, ಗಾಜಿನ ವಿನ್ಯಾಸವೇ ಹಾಗಿರುತ್ತದೆ.

ಬಣ್ಣದ ಬಗ್ಗೆ ಒಂದೆರಡು ಮಾತು. ಹ್ಯಾಲೊಜೆನ್ ಬೆಳಕು ಸುಮಾರು 3200 ಕೆಲ್ವಿನ್, ಕಂಪನಿಯಿಂದಲೇ ಬರುವ ಕ್ಸೆನಾನ್ ದೀಪ, ಅಂದರೆ ಎಚ್‌ಐಡಿ 4300ರ ಸುತ್ತ. ಅಂಗಡಿಯ ಡಬ್ಬಿಗಳ ಮೇಲೆ 6000, 8000 ಎಂದು ದೊಡ್ಡದಾಗಿ ಬರೆದಿರುವುದನ್ನು ಜನ ಬೆಳಕಿನ ಪ್ರಮಾಣ ಎಂದುಕೊಳ್ಳುತ್ತಾರೆ. ಆ ಅಂಕಿ ಬಣ್ಣ ಎಷ್ಟು ನೀಲಿಯತ್ತ ಸರಿದಿದೆ ಎಂಬುದನ್ನಷ್ಟೇ ಹೇಳುತ್ತದೆ. ಹಳದಿ ಬಲ್ಬು ಮಂಜನ್ನು ಸೀಳುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮಂಜಿನ ಹನಿ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತದೆ. ಆದರೆ ನೀಲಿ ಹೆಚ್ಚಿರುವ ಬೆಳಕು ಕಣ್ಣಿಗೆ ಹೆಚ್ಚು ಚುಚ್ಚುತ್ತದೆ, ಅದು ಮೇಲ್ಮುಖವಾಗಿ ಚದುರಿದರೆ ಚೋರ್ಲಾದ ಮಂಜಿನಲ್ಲಿ ಗಾಡಿಯ ಮುಂದೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಉಂಗುರಕ್ಕೂ ಒಂದು ಮಿತಿ ಇದೆ. ಹಗಲು ದೀಪಕ್ಕೆ ಅಂತರರಾಷ್ಟ್ರೀಯ ನಿಯಮ 87ರ ಪ್ರಕಾರ 400ರಿಂದ 1200 ಕ್ಯಾಂಡೆಲಾ ತೀವ್ರತೆ. ಹೆಡ್‌ಲೈಟ್ ಹಾಕಿದ ಕೂಡಲೇ ಅದು ಆರಬೇಕು ಅಥವಾ ಪಾರ್ಕಿಂಗ್ ಲೈಟಿನ ಮಟ್ಟಕ್ಕೆ ಇಳಿಯಬೇಕು. ಅಗ್ಗದ ಕಿಟ್ಟುಗಳಲ್ಲಿ ಇಳಿಸುವ ಸರ್ಕೀಟೇ ಇರುವುದಿಲ್ಲ, ಹಗಲಿನ ಉರಿ ರಾತ್ರಿಯೂ ಹಾಗೇ ಉರಿಯುತ್ತದೆ.

ಇಷ್ಟೆಲ್ಲ ಲೆಕ್ಕ ಏಕೆಂದರೆ ನಮ್ಮ ರಸ್ತೆಗಳು ತಪ್ಪನ್ನು ಕ್ಷಮಿಸುವಂಥವಲ್ಲ. ಬೆಳಗಾವಿಯಿಂದ ಪೀರನವಾಡಿ, ಮಚ್ಛೆ, ದೇಸೂರು, ಗಣೇಬೈಲ್ ದಾಟಿ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ಉದ್ಯಮಬಾಗದ ಫೌಂಡ್ರಿ, ಮಷೀನ್ ಶಾಪುಗಳ ಪಾಳಿ ಬಿಟ್ಟು ಬರುವವರು, ಮಚ್ಛೆಯ ವಿಟಿಯು ಮತ್ತು ಅಕ್ಕಪಕ್ಕದ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಬೈಕಿನಲ್ಲಿ ಈ ದಾರಿಯಲ್ಲೇ ಮನೆಗೆ ಮರಳುವುದು. ಈ ಭಾಗದಲ್ಲಿ ನಾಲ್ಕು ಲೇನ್, ನಡುವೆ ಡಿವೈಡರ್ ಇರುವುದರಿಂದ ಕಣ್ಣಿಗೆ ಹೊಡೆಯುವುದು ಕಡಿಮೆ. ಖಾನಾಪುರ ದಾಟಿ ಲೋಂಡಾ, ರಾಮನಗರದತ್ತ ಹೊರಟರೆ ಕಾಡಿನ ನಡುವಿನ ಎರಡು ಲೇನಿನ ದಾರಿ. ಜಾಂಬೋಟಿಯ ದಾರಿಯಲ್ಲಿ ತಿರುವು, ಏರು, ಇಳಿತ, ಪಕ್ಕದಲ್ಲಿ 2011ರಲ್ಲಿ ವನ್ಯಜೀವಿಧಾಮವಾದ ಭೀಮಗಡದ ಕಾಡು. ಕಾಡುಕೋಣದ ಮೈ ಕಪ್ಪು, ಡಾಂಬರೂ ಕಪ್ಪು. ಎದುರಿನ ಬೆಳಕಿಗೆ ಕಣ್ಣು ಕತ್ತಲಿಟ್ಟರೆ ಸುಧಾರಿಸಿಕೊಳ್ಳಲು ಹಲವು ಸೆಕೆಂಡು ಬೇಕು, ವಯಸ್ಸಾದಷ್ಟೂ ಹೆಚ್ಚು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಐದು ಸೆಕೆಂಡ್ ಎಂದರೆ 83 ಮೀಟರ್. ಅಷ್ಟು ದೂರ ಗಾಡಿ ಕುರುಡಾಗಿ ಓಡುತ್ತದೆ.

ಕಬ್ಬಿನ ಕಾಲದಲ್ಲಿ ಇದು ಇನ್ನೂ ಕಠಿಣ. ರಾಜ್ಯದಲ್ಲಿ ಸಕ್ಕರೆ ಕಾರ್ಖಾನೆಗಳು ಹೆಚ್ಚಿರುವ ಜಿಲ್ಲೆಗಳ ಮುಂಚೂಣಿಯಲ್ಲಿ ಬೆಳಗಾವಿ ಇದೆ. ನವೆಂಬರಿನಿಂದ ಬೇಸಿಗೆಯವರೆಗೆ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ರಾತ್ರಿಯಿಡೀ ಸಾಗುತ್ತವೆ. ಮುಂದೆ ಬಣ್ಣಬಣ್ಣದ ರಿಂಗ್, ಎಲ್‌ಇಡಿ ಪಟ್ಟಿ, ದೊಡ್ಡ ಸೌಂಡ್ ಬಾಕ್ಸು, ಹಿಂದೆ ಕಬ್ಬಿನ ಗರಿ ಮುಚ್ಚಿ ಒಂದು ಕೆಂಪು ಚುಕ್ಕೆಯೂ ಕಾಣದ ಟ್ರೇಲರ್. ಎದುರಿನ ಗಾಡಿಯ ಬೆಳಕಿಗೆ ಕಣ್ಣು ಮುಚ್ಚಿದ ಬೈಕ್ ಸವಾರನ ಮುಂದೆ ಅಂಥ ಟ್ರೇಲರ್ ನಿಂತಿದ್ದರೆ ಏನಾಗುತ್ತದೆ ಎಂದು ಈ ಜಿಲ್ಲೆಯ ಹಳ್ಳಿಗಳಿಗೆ ಹೇಳಿಕೊಡಬೇಕಿಲ್ಲ. ಟ್ರ್ಯಾಕ್ಟರಿನ ಮುಖಕ್ಕೆ ಹಾಕುವ ದುಡ್ಡಿನಲ್ಲಿ ಚಿಕ್ಕದೊಂದು ಪಾಲು ಟ್ರೇಲರಿನ ಬೆನ್ನಿನ ರಿಫ್ಲೆಕ್ಟರ್ ಪಟ್ಟಿಗೆ ಹೋದರೆ ಎಷ್ಟೋ ಜೀವ ಉಳಿಯುತ್ತವೆ. ಕಾರ್ಖಾನೆಗಳೂ ಇದನ್ನು ತಮ್ಮ ಹೊಣೆ ಎಂದುಕೊಳ್ಳಬೇಕು, ವೇಬ್ರಿಡ್ಜಿನ ಬಳಿಯೇ ಪಟ್ಟಿ ಅಂಟಿಸಿ ಕಳಿಸುವುದು ಕಷ್ಟದ ಕೆಲಸವಲ್ಲ.

ಕಾನೂನು ಏನನ್ನುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಸ್ಪಷ್ಟವಾಗಿದೆ. ದೀಪದಿಂದ 8 ಮೀಟರ್ ಮುಂದೆ, ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಬೆಳಕು ಕುಕ್ಕಬಾರದು, ಅಥವಾ ಕುಕ್ಕದಂತೆ ಚಾಲಕ ಅದನ್ನು ಕೆಳಗಿಳಿಸುವಂತಿರಬೇಕು. ನಿಯಮ 108 ಸಾಮಾನ್ಯ ವಾಹನಗಳ ಮುಂಭಾಗದಲ್ಲಿ ಕೆಂಪು ದೀಪವನ್ನು ಒಪ್ಪುವುದಿಲ್ಲ. ಹಾಗಾಗಿ ರಿಮೋಟಿನಿಂದ ಬಣ್ಣ ಬದಲಿಸುವ ಉಂಗುರಗಳು ಕೆಂಪಾದ ಗಳಿಗೆಯಲ್ಲೇ ತಪ್ಪು ಮಾಡಿದಂತೆ. ನಿಯಮ 111 ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕಲು ನೋಂದಣಿ ಪ್ರಾಧಿಕಾರದ ಮುಂಗಡ ಅನುಮತಿ ಕೇಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂಥ ಬದಲಾವಣೆಯನ್ನು ತಡೆಯುತ್ತದೆ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅಕ್ರಮ ಮಾರ್ಪಾಡು ಮಾಡುವ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ಗೊತ್ತುಮಾಡಿದೆ.

2024ರ ಜೂನ್‌ನಲ್ಲಿ, ಆಗ ರಾಜ್ಯದ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿಯಾಗಿದ್ದ ಅಲೋಕ್ ಕುಮಾರ್, ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಜುಲೈಯಿಂದ ಪ್ರಕರಣ ದಾಖಲಿಸುವಂತೆ ರಾಜ್ಯದ ಪೊಲೀಸರಿಗೆ ಸೂಚಿಸಿದರು. ಅದು ಬೇಕಾಗಿದ್ದ ಹೆಜ್ಜೆ. ಆದರೆ ಹಗಲಿನಲ್ಲಿ ಗಾಡಿ ನಿಲ್ಲಿಸಿ, ಬಲ್ಬು ಬಿಳಿಯೋ ಹಳದಿಯೋ ನೋಡಿ ದಂಡ ಹಾಕಿದರೆ ಗುರಿ ತಪ್ಪುತ್ತದೆ. ಕಂಪನಿಯಿಂದಲೇ ಎಲ್‌ಇಡಿ ಬಂದ ಕಾರಿನವನು ಸಿಕ್ಕಿಬೀಳುತ್ತಾನೆ, ಹ್ಯಾಲೊಜೆನ್ ಬಲ್ಬೇ ಇದ್ದರೂ ಬಟ್ಟಲು ಮೇಲಕ್ಕೆ ತಿರುಗಿರುವ ಗಾಡಿ ಪಾರಾಗುತ್ತದೆ. ಎತ್ತರದ ಎಸ್‌ಯುವಿಗಳ ಮೂಲ ದೀಪಗಳೂ, ಹಿಂದೆ ಭಾರ ಹೇರಿ ಮೂತಿ ಎತ್ತಿದ ಪಿಕಪ್‌ಗಳೂ ಕಣ್ಣಿಗೆ ಕಡಿಮೆ ತ್ರಾಸು ಕೊಡುವುದಿಲ್ಲ.

ಬೆಳಕಿನ ದಿಕ್ಕನ್ನು ಅಳೆಯುವ ಬೀಮ್ ಸೆಟರ್ ಎಂಬ ಉಪಕರಣ ಇದೆ. ಆದರೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ನವೀಕರಣಕ್ಕೆ ಹೋಗುವವರೆಗೆ ಅದರ ದೀಪವನ್ನು ಯಾವ ಸರ್ಕಾರಿ ಕಣ್ಣೂ ನೋಡುವುದಿಲ್ಲ. ಹೊಗೆ ತಪಾಸಣೆಗೆ ಮಾತ್ರ ಇಂಧನ ಉರಿಸುವ ಎಲ್ಲ ಕಾರುಗಳೂ ಕಾಲಕಾಲಕ್ಕೆ ಹೋಗಲೇಬೇಕು. ಅಲ್ಲೇ ದೀಪದ ತಪಾಸಣೆಯನ್ನೂ ಸೇರಿಸಬಾರದೇಕೆ? ಜರ್ಮನಿಯಲ್ಲಿ 2020ರಲ್ಲಿ ಓಸ್ರಾಂ ಕಂಪನಿಯ ಎಲ್‌ಇಡಿ ಬಲ್ಬನ್ನು ಹ್ಯಾಲೊಜೆನ್ ಜಾಗದಲ್ಲಿ ಬಳಸಲು ಮೊದಲ ಬಾರಿಗೆ ಒಪ್ಪಿಗೆ ಸಿಕ್ಕಿತು, ಅದೂ ಆ ಬಲ್ಬು ಇಟ್ಟು ಪರೀಕ್ಷಿಸಿದ ನಿರ್ದಿಷ್ಟ ಮಾದರಿಗಳಿಗೆ ಮಾತ್ರ. ಪುಣೆಯಲ್ಲಿ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆ ನಮಗೂ ಇದೆ. ಮಾದರಿವಾರು ಒಪ್ಪಿಗೆಯ ಪಟ್ಟಿ ನಮ್ಮಲ್ಲೂ ಬಂದರೆ ಕೊಳ್ಳುವವನಿಗೂ ಮಾರುವವನಿಗೂ ದಾರಿ ಸ್ಪಷ್ಟವಾಗುತ್ತದೆ.

ಹಾಗಾದರೆ ಚೆನ್ನಾಗಿ ಕಾಣಬೇಕೆನ್ನುವ ಚಾಲಕ ಏನು ಮಾಡಬೇಕು? ಹಳೆಯ ಗಾಡಿಯಾದರೆ ಮೊದಲು ವೈರಿಂಗ್ ನೋಡಿಸಿ. ಎರಡು 60 ವ್ಯಾಟ್ ಬಲ್ಬುಗಳಿಗೆ 12 ವೋಲ್ಟಿನಲ್ಲಿ 10 ಆಂಪಿಯರ್ ಹರಿಯಬೇಕು. ಸವೆದ ಸ್ವಿಚ್ಚು, ತುಕ್ಕು ಹಿಡಿದ ಅರ್ಥ್ ಇದ್ದರೆ ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ. ವೋಲ್ಟೇಜ್ ಶೇಕಡಾ 10 ಇಳಿದರೆ ಹ್ಯಾಲೊಜೆನ್ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ. ಬ್ಯಾಟರಿಯಿಂದ ನೇರ ವೈರು, ಫ್ಯೂಸು, ರಿಲೇ ಹಾಕಿಸಿದರೆ ಕಳೆದುಹೋದ ಆ ಬೆಳಕು ಮರಳುತ್ತದೆ. ರಿಲೇ ಇಲ್ಲದೆ 100 ವ್ಯಾಟಿನ ಬಲ್ಬು ಹಾಕಿದರೆ ಹೋಲ್ಡರ್ ಕರಗುತ್ತದೆ, ಕೆಲವೊಮ್ಮೆ ಬೆಂಕಿಯೂ ಹತ್ತುತ್ತದೆ. ಹಳದಿಗಟ್ಟಿದ ಪ್ಲಾಸ್ಟಿಕ್ ಗಾಜನ್ನು ಪಾಲಿಶ್ ಮಾಡಿಸಿ. ಉಂಗುರ ಬೇಕೇ ಎನಿಸಿದರೆ ದೀಪದ ಹೊರಗೆ, ಬಂಪರಿನಲ್ಲಿ ಕೂರುವ ಬಿಳಿ ಬಣ್ಣದ್ದನ್ನು, ಹೆಡ್‌ಲೈಟ್ ಹಾಕಿದಾಗ ತಾನೇ ಆರುವಂತೆ ಜೋಡಿಸಿಕೊಳ್ಳಿ. ಮೂಲ ವೈರನ್ನು ಕೆರೆದು ಟೇಪು ಸುತ್ತುವ ಕೈಗೆ ಗಾಡಿ ಕೊಡಬೇಡಿ, ವಾರಂಟಿ ಹೋಗುವುದೂ ಅಲ್ಲಿಂದಲೇ. ಥಾರ್, ಬುಲೆಟ್ಟಿಗೆ ಪೂರ್ತಿ ದೀಪ ಬದಲಿಸುವವರು ಎಡಬದಿ ಸಂಚಾರಕ್ಕೆ ಮಾಡಿದ್ದೇ ಎಂದು ಗೋಡೆಯ ಮೇಲೆ ಬೆಳಕು ಬಿಟ್ಟು ಖಚಿತಮಾಡಿಕೊಂಡು ದುಡ್ಡು ಕೊಡಿ.

ಕೊನೆಯದಾಗಿ ಒಂದು ವಿನಂತಿ. ಈ ವಾರ ಒಂದು ರಾತ್ರಿ ನಿಮ್ಮ ಕಾರನ್ನು ಸಮನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಟೈರಿನ ಗಾಳಿ ಸರಿಯಿರಲಿ, ಡಿಮ್ ಹಾಕಿ. ದೀಪದ ನಡುವಿನ ಎತ್ತರವನ್ನು ಟೇಪಿನಿಂದ ಅಳೆದು ಗೋಡೆಗೆ ಗುರುತು ಹಾಕಿ. ಬೆಳಕಿನ ಮೇಲಂಚು ಆ ಗುರುತಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಮೇಲಿದ್ದರೆ, ಅದೇ 10 ಸೆಂಟಿಮೀಟರಿನಷ್ಟು ಮೇಲಿದ್ದರೂ, 65 ಸೆಂಟಿಮೀಟರ್ ಎತ್ತರದ ದೀಪದ ಬೆಳಕು 50 ಮೀಟರ್ ದೂರಕ್ಕೆ ಹೋಗುವ ಹೊತ್ತಿಗೆ ನೆಲದಿಂದ 115 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಎದುರಿನ ಕಾರಿನ ಚಾಲಕನ ಕಣ್ಣು ಇರುವುದೂ ಸರಿಸುಮಾರು ಅಲ್ಲೇ. ದೀಪದ ಹಿಂದಿನ ಸ್ಕ್ರೂ ತಿರುಗಿಸಿ ಇಳಿಸಿಕೊಳ್ಳಿ, ಮೇಲಂಚಿನ ಗೆರೆಯೇ ಕಾಣದಿದ್ದರೆ ಆ ಬಲ್ಬನ್ನು ತೆಗೆಸಿ ಮೂಲ ಬಲ್ಬು ಹಾಕಿಸಿ.